ನಕ್ಷೆಯ ಮೇಲಿನ ಚುಕ್ಕೆಗಳನ್ನು ವಿಚಾರಿಸುವುದು

ಮಾನ್ಯರೇ, ವಿದ್ಯಾರ್ಥಿ ಮಿತ್ರರೇ,

ಒಂದು ಪ್ರಭೇದ ಎಲ್ಲೆಲ್ಲಿ ಬದುಕಬಲ್ಲದು ಎಂದು ಕಂಪ್ಯೂಟರಿನಲ್ಲಿ ಅಂದಾಜಿಸುವುದು ಈಗ ಕಷ್ಟದ ಕೆಲಸವಲ್ಲ. ಪ್ರಾಣಿ ಕಂಡ ಜಾಗಗಳ ಅಕ್ಷಾಂಶ, ರೇಖಾಂಶಗಳ ಜೊತೆಗೆ ಮಳೆ, ಉಷ್ಣತೆ, ಎತ್ತರ, ಭೂಬಳಕೆಯ ನಕ್ಷೆಗಳನ್ನು ಒದಗಿಸಿದರೆ, 2006ರಲ್ಲಿ ವಿವರವಾಗಿ ಪ್ರಕಟವಾದ ಮ್ಯಾಕ್ಸೆಂಟ್‌ನಂತಹ ವಿಧಾನವು ಸ್ವಲ್ಪ ಹೊತ್ತಿನಲ್ಲೇ ಆವಾಸದ ನಕ್ಷೆಯನ್ನು ಬಿಡಿಸಿಕೊಡುತ್ತದೆ. ಅಂತಹ ನಕ್ಷೆಗಳನ್ನು ಮುಂದಿಟ್ಟುಕೊಂಡು ಅಭಯಾರಣ್ಯ, ಗಣಿ, ರಸ್ತೆಗಳ ಬಗ್ಗೆ ವಾದಿಸುವ ಕಾಲವಿದು. ಆದ್ದರಿಂದ ವಿಧಾನದ ಚರ್ಚೆಗಿಂತ ಮೊದಲು, ಪ್ರಾಣಿ ಕಂಡ ಜಾಗವೆಂದು ನಕ್ಷೆಯಲ್ಲಿಟ್ಟ ಪ್ರತಿಯೊಂದು ಚುಕ್ಕೆ ಎಲ್ಲಿಂದ ಬಂತು ಎಂದು ಕೇಳಬೇಕೆಂಬುದೇ ನನ್ನ ಇಂದಿನ ಮಾತು.

ನಮ್ಮ ಸೀಮೆಯಲ್ಲಿ ತೊಡಕು ಜಿಲ್ಲೆಯ ಹೆಸರಿನಿಂದಲೇ ಶುರುವಾಗುತ್ತದೆ. ಹಳೆಯ ಜೀವಿಸಂಗ್ರಹದ ಚೀಟಿಯೊಂದರಲ್ಲಿ ‘ಬಳ್ಳಾರಿ ಜಿಲ್ಲೆ’ ಎಂದಷ್ಟೇ ಇದ್ದರೆ ಅದು ಯಾವ ಬಳ್ಳಾರಿ? 1882ರವರೆಗೆ ಅನಂತಪುರ ಇದರೊಳಗಿತ್ತು; ಆದೋನಿ, ಆಲೂರು, ರಾಯದುರ್ಗಗಳು 1953ರವರೆಗೆ ಇದ್ದವು; 2021ರಲ್ಲಿ ವಿಜಯನಗರ ಬೇರೆಯಾಯಿತು. 1997ಕ್ಕಿಂತ ಹಿಂದಿನ ‘ರಾಯಚೂರು’ ದಾಖಲೆ ಇಂದಿನ ಕೊಪ್ಪಳದ್ದೂ ಆಗಿರಬಹುದು. ಜಾಗ ಗೊತ್ತಾಗದೆ ಯಾರಾದರೂ ಜಿಲ್ಲಾ ಕೇಂದ್ರದ ಅಕ್ಷಾಂಶವನ್ನೇ ತುಂಬಿಬಿಟ್ಟರೆ, ಕುರುಚಲು ಕಾಡಿನ ಪ್ರಾಣಿ ಬಳ್ಳಾರಿ ಪೇಟೆಯ ನಡುವೆ ಬಂದು ನಿಲ್ಲುತ್ತದೆ. ಅಕ್ಷಾಂಶ, ರೇಖಾಂಶಗಳು ಅದಲುಬದಲಾದರೆ ಬಳ್ಳಾರಿಯ ಚುಕ್ಕೆ ಉತ್ತರ ಧ್ರುವದ ಸಮೀಪದ ಸ್ವಾಲ್‌ಬಾರ್ಡ್ ಬಳಿ ಬೀಳುತ್ತದೆ. ಅಂತಹ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ದಶಮಾಂಶದ ನಂತರ ಒಂದೇ ಅಂಕಿ ಉಳಿಸಿದ ದಾಖಲೆಯ ದೋಷ ಹಾಗೆ ಕಾಣುವುದಿಲ್ಲ. 0.1 ಡಿಗ್ರಿ ಎಂದರೆ ಸುಮಾರು 11 ಕಿಲೋಮೀಟರು. ಅಷ್ಟು ದೂರದೊಳಗೆ ಸಂಡೂರಿನ ಗುಡ್ಡದ ಕಾಡು ಮುಗಿದು ಬಯಲಿನ ಹೊಲ ಬಂದಿರುತ್ತದೆ, ನಕ್ಷೆ ಬಿಡಿಸುವ ಕಂಪ್ಯೂಟರ್ ಮಾದರಿಯು ಮಾತ್ರ ಹೊಲದ ಎತ್ತರವನ್ನೂ ಉಷ್ಣತೆಯನ್ನೂ ಆ ಪ್ರಾಣಿಯ ಆಯ್ಕೆಯೆಂದು ಕಲಿಯುತ್ತದೆ.

ಜಾಗ ಕರಾರುವಾಕ್ಕಾಗಿದ್ದರೂ ದತ್ತಾಂಶ ದಾರಿ ತಪ್ಪಿಸಬಹುದು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವನ್ನು ನೋಡಿ. ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಬಳಿಯುವುದರಿಂದ ಸಂಜೆಯ ಹೊತ್ತಿಗೆ ಕರಡಿಗಳು ಗುಡ್ಡದಿಂದಿಳಿದು ಅದನ್ನು ನೆಕ್ಕಲು ಬರುತ್ತವೆ, ಪ್ರವಾಸಿಗರು ಅಲ್ಲಿಯೇ ಫೋಟೋ ತೆಗೆದು ಜಿಪಿಎಸ್ ಸಮೇತ ದಾಖಲಿಸುತ್ತಾರೆ. ಒಂದೊಂದು ದಾಖಲೆಯೂ ನಿಜವೇ. ಆದರೆ ಅವೆಲ್ಲ ಸೇರಿ ಹೇಳುವುದು ಗೋಪುರದಿಂದ ಏನು ಕಾಣುತ್ತದೆ ಎಂಬುದನ್ನು ಮಾತ್ರ. ಕರಡಿ ಹಗಲನ್ನು ಯಾವ ಗವಿಯಲ್ಲಿ ಕಳೆಯುತ್ತದೆ, ರಾತ್ರಿ ಯಾವ ಹೊಲ ದಾಟುತ್ತದೆ ಎಂಬುದನ್ನು ಅಲ್ಲ. ಸಾವಿರ ದಾಖಲೆಗಳಿವೆ ಎಂದು ಹಿಗ್ಗುವ ಮೊದಲು, ಒಂದೇ ಜಾಗದವನ್ನು ಒಂದಾಗಿ ಎಣಿಸಿ ಎಷ್ಟು ಉಳಿಯುತ್ತವೆ ಎಂದು ನೋಡಬೇಕು. ಯಾರೂ ಹೋಗದ ಗುಡ್ಡಗಳಿಗೆ ಹೋಗಿ, ಎಷ್ಟು ಹೊತ್ತು ಹುಡುಕಿದೆವು, ಏನು ಕಾಣಲಿಲ್ಲ ಎಂಬುದನ್ನೂ ಬರೆದಿಡಬೇಕು. ‘ಕಾಣಲಿಲ್ಲ’ ಎಂಬ ದಾಖಲೆಗೆ ನಾವು ಕೊಡುವ ಬೆಲೆ ತೀರಾ ಕಡಿಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗುರುತಿಸುವಿಕೆಯ ವಿಷಯವೂ ಇದೆ. ದಕ್ಷಿಣ ಭಾರತದ ಬಂಡೆಗುಡ್ಡಗಳಿಗೇ ಸೀಮಿತವಾದ ಹಳದಿ ಕೊರಳಿನ ಪಿಕಳಾರವನ್ನು ಬಿಳಿ ಹುಬ್ಬಿನ ಪಿಕಳಾರದೊಡನೆ ಗೊಂದಲ ಮಾಡಿಕೊಂಡರೆ ಬಂಡೆಯ ಹಕ್ಕಿ ಎಲ್ಲ ಕುರುಚಲಿಗೂ ಹರಡಿಬಿಡುತ್ತದೆ. ಫೋಟೋ ಅಥವಾ ಧ್ವನಿಮುದ್ರಣ ಜೊತೆಗಿದ್ದರೆ ಮುಂದೊಂದು ದಿನ ಇನ್ನೊಬ್ಬರು ತಿದ್ದಬಹುದು.

ಕೊನೆಯದಾಗಿ ಕಾಲದ ಮಾತು. ಸಿರುಗುಪ್ಪದ ಎರೆಭೂಮಿ ಅಳಿವಿನಂಚಿನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ನೆಲೆಗಳಲ್ಲೊಂದು. ಅದೇ ತಾಲ್ಲೂಕಿನಲ್ಲಿ ಕಾಲುವೆ ನೀರು ಹರಿದಲ್ಲೆಲ್ಲ ಭತ್ತದ ಗದ್ದೆಗಳಾಗಿವೆ. ಕಾಲುವೆಗೆ ಮುಂಚಿನ ದಾಖಲೆಯನ್ನು ಇಂದಿನ ಉಪಗ್ರಹ ನಕ್ಷೆಯ ಮೇಲಿಟ್ಟರೆ, ಬಯಲನ್ನೇ ನಂಬಿದ ಹಕ್ಕಿಗೆ ಕೆಸರುಗದ್ದೆ ಹಿತವೆಂದು ಮಾದರಿ ತೀರ್ಮಾನಿಸುತ್ತದೆ. ಹಾಗೆಂದು ಹಳೆಯ ದಾಖಲೆಗಳನ್ನು ಎಸೆಯುವುದೂ ಸಲ್ಲ, ಏಕೆಂದರೆ ಕಳೆದುಹೋದ ನೆಲೆಯ ಲೆಕ್ಕ ಉಳಿದಿರುವುದು ಅವುಗಳಲ್ಲೇ. ಅವನ್ನು ಆ ಕಾಲದ ಭೂಬಳಕೆಯೊಡನೆ ಜೋಡಿಸಬೇಕು. ಮೂಲದಲ್ಲಿದ್ದ ಊರಿನ ಹೆಸರನ್ನು ಅಳಿಸದೆ, ಪಕ್ಕದಲ್ಲಿ ದೋಷದ ಅಂದಾಜನ್ನು ಕಿಲೋಮೀಟರಿನಲ್ಲಿ ನಮೂದಿಸಬೇಕು. ಹೆಸರು ಸಿಗದ ಕಡೆ ಆ ಊರಿನ ಹಿರಿಯ ರೈತರನ್ನೂ ಕುರಿಗಾಹಿಗಳನ್ನೂ ಕೇಳಿ, ಯಾವ ಹೊಲ, ಯಾವ ಹಳ್ಳದ ದಂಡೆ ಎಂದು ಗೊತ್ತುಮಾಡಿಕೊಂಡು, ಅವರು ಹೇಳಿದ್ದನ್ನು ಕೇಳಿದ ದಿನಾಂಕದೊಡನೆ ದಾಖಲಿಸಬೇಕು.