ಕಣ್ಣು ಕೆಂಪಾದರೆ ಮೊದಲು ತೋಳು ಚಾಚಿ

ಸ್ನೇಹಿತರೇ, ರಕ್ತದೊತ್ತಡದ ಬಗ್ಗೆ ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಅದನ್ನು ಮತ್ತೆ ಹೇಳುವುದಿಲ್ಲ. ನನ್ನ ಮಾತು ಇಷ್ಟೇ: ಬೆಳಗ್ಗೆ ಕನ್ನಡಿಯಲ್ಲಿ ಕಣ್ಣಿನ ಬಿಳಿಭಾಗಕ್ಕೆ ರಕ್ತ ಚೆಲ್ಲಿದಂತೆ ಕಂಡರೆ ಡ್ರಾಪ್ಸ್ ಹುಡುಕಬೇಡಿ, ಬಿ.ಪಿ. ನೋಡಿಸಿಕೊಳ್ಳಿ.

ಬಿಳಿಗುಡ್ಡೆಯ ಮೇಲೆ ಕಂಜಂಕ್ಟೈವಾ ಎಂಬ ಪಾರದರ್ಶಕ ಪೊರೆಯಿದೆ. ಅದರಲ್ಲಿರುವ ಸೂಕ್ಷ್ಮ ರಕ್ತನಾಳಗಳಲ್ಲಿ ಒಂದು ಒಡೆದರೂ ಸಾಕು, ರಕ್ತ ಪೊರೆಯ ಅಡಿಯಲ್ಲಿ ಹರಡಿಕೊಳ್ಳುತ್ತದೆ. ಚರ್ಮದ ಕೆಳಗಾಗಿದ್ದರೆ ನೀಲಿಗಟ್ಟುತ್ತಿತ್ತು. ಈ ಪೊರೆಯಾದರೋ ಗಾಳಿಯ ಆಮ್ಲಜನಕ ಒಳಗಿಳಿಯುವಷ್ಟು ತೆಳು. ಹಾಗಾಗಿ ಕಲೆ ದಿನಗಟ್ಟಲೆ ಕೆಂಡದಂತೆ ಕೆಂಪಗಿರುತ್ತದೆ. ನೋಡಿದವರು ಬೆಚ್ಚುತ್ತಾರೆ; ಆದವರಿಗೆ ಸಾಮಾನ್ಯವಾಗಿ ನೋವೂ ಇರುವುದಿಲ್ಲ, ದೃಷ್ಟಿಯೂ ಮಂಜಾಗುವುದಿಲ್ಲ.

ಒಡೆಯುವುದು ಏಕೆ? ಜೋರಾಗಿ ಕೆಮ್ಮಿದಾಗ, ಸೀನಿದಾಗ, ವಾಂತಿಯಾದಾಗ, ಮಲಬದ್ಧತೆಯಿಂದ ತಿಣುಕಿದಾಗ, ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಎದೆಯೊಳಗಿನ ಒತ್ತಡ ಏರುತ್ತದೆ. ತಲೆಯಿಂದ ಹೃದಯಕ್ಕೆ ಮರಳಬೇಕಾದ ರಕ್ತ ಹಿಂದೆಯೇ ತಡೆದು ನಿಲ್ಲುತ್ತದೆ. ಎಲ್ಲಿ ಗೋಡೆ ದುರ್ಬಲವೋ ಅಲ್ಲಿ ಬಿರುಕು. ಹೀಗೆ ಉಸಿರು ಕಟ್ಟಿ ಒತ್ತುವ ಕ್ರಿಯೆಗೆ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೋ ಮರಿಯಾ ವಾಲ್ಸಾಲ್ವಾ (1666-1723) ಅವರ ಹೆಸರೇ ಉಳಿದಿದೆ. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ, ರಾತ್ರಿ ಸರಿಯಿದ್ದ ಕಣ್ಣು ಬೆಳಗ್ಗೆ ಕೆಂಪಾಗಿರುತ್ತದೆ. ಅಂಥವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಬಿ.ಪಿ. ನೋಡದೆ ಕಳುಹಿಸಬಾರದು.

ಒಬ್ಬ ನಿವೃತ್ತ ಮೇಷ್ಟರ ವಿಷಯ ಹೇಳುತ್ತೇನೆ. ಕಪ್ಪು ಕನ್ನಡಕ ಹಾಕಿಕೊಂಡು ಪತ್ನಿಯ ಜೊತೆ ಬಂದರು. "ರಾತ್ರಿಯೆಲ್ಲ ಓದುತ್ತಾರೆ ಡಾಕ್ಟರೇ, ಅದಕ್ಕೇ ಹೀಗಾಗಿದೆ" ಎಂದು ಆಕೆಯ ದೂರು. ಓದಿದ್ದರಿಂದ ನಾಳ ಒಡೆಯುವುದಿಲ್ಲವಮ್ಮ ಎಂದಾಗ ಮೇಷ್ಟರ ಮುಖ ಅರಳಿತು. ಅಷ್ಟರಲ್ಲಿ ಜೇಬಿನಿಂದ ಒಂದೊಂದಾಗಿ ಮೂರು ಡ್ರಾಪ್ಸ್ ಬಾಟಲಿಗಳು ಹೊರಬಂದವು. ಒಂದು ಪಕ್ಕದ ಮನೆಯವರು ಬಳಸಿ ಉಳಿದದ್ದು, ಸ್ಟೀರಾಯ್ಡ್! ಅದು ಈ ರಕ್ತವನ್ನು ಕರಗಿಸುವುದಿಲ್ಲ. ಮನಬಂದಂತೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು, ಸೋಂಕಿದ್ದರೆ ಉಲ್ಬಣಿಸಬಹುದು. ನಾನು ಬಿ.ಪಿ. ಪಟ್ಟಿ ತೆಗೆದಾಗ ಮೇಷ್ಟರು, "ತೊಂದರೆ ಇರುವುದು ಕಣ್ಣಿನಲ್ಲಿ, ತೋಳಿನಲ್ಲಲ್ಲ" ಎಂದು ನಕ್ಕರು. 190/110 ಬಂತು. ಆರೋಗ್ಯವಾಗಿದ್ದೇನೆಂದು ಮಾತ್ರೆಯನ್ನು ತಾವೇ ನಿಲ್ಲಿಸಿದ್ದರಂತೆ. ಪಾಪೆ ಹಿಗ್ಗಿಸಿ ಒಳಗೆ ನೋಡಿದರೆ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದಲ್ಲೂ (ರೆಟಿನಾ) ಬೆಂಕಿಯ ನಾಲಿಗೆಯಂಥ ಸಣ್ಣ ಸಣ್ಣ ರಕ್ತದ ಗೆರೆಗಳು. ಮನೆಮಂದಿಯನ್ನೆಲ್ಲ ಹೆದರಿಸಿದ ಹೊರಗಿನ ಕಲೆ ಎರಡು ವಾರಗಳಲ್ಲಿ ಹಳದಿಗೆ ತಿರುಗಿ ತಾನಾಗಿಯೇ ಮಾಯವಾಯಿತು. ಯಾರ ಕಣ್ಣಿಗೂ ಬೀಳದ ಒಳಗಿನ ಗೆರೆಗಳಿಗಾಗಿ ಅವರನ್ನು ಅಂದೇ ಬಿ.ಪಿ. ನೋಡಿಕೊಳ್ಳುವ ವೈದ್ಯರ ಬಳಿ ಕಳುಹಿಸಬೇಕಾಯಿತು. ಅದಕ್ಕೇ ಹೇಳುತ್ತೇನೆ, ಡ್ರಾಪ್ಸ್ ಅಲ್ಲ, ಬಿ.ಪಿ. ಸಕ್ಕರೆ ಕಾಯಿಲೆಯವರೂ ಕಣ್ಣಿನ ಒಳಭಾಗ ತೋರಿಸಿಕೊಳ್ಳಲೇಬೇಕು.

ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ವಾರ್ಫರಿನ್ ತೆಗೆದುಕೊಳ್ಳುವವರಿಗೂ ಕಣ್ಣು ಹೀಗೆ ಕೆಂಪಾಗಬಹುದು. ಗಾಬರಿಯಲ್ಲಿ ಮಾತ್ರೆ ಬಿಡಬೇಡಿ! ಕಣ್ಣಿನ ಕಲೆ ಹೋಗುತ್ತದೆ, ಮಾತ್ರೆ ಬಿಟ್ಟಾಗ ಬರುವ ಪಾರ್ಶ್ವವಾಯು ಹಾಗೆ ಹೋಗುವುದಿಲ್ಲ. ಬರೆದುಕೊಟ್ಟ ವೈದ್ಯರನ್ನು ಕೇಳಿ. ವಾರ್ಫರಿನ್ ಆದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಸುವ ಐ.ಎನ್.ಆರ್. ಪರೀಕ್ಷೆ ಮಾಡಿಸಿ.

ಚೀಟಿ ಬಂತು, ಇನ್ನೆರಡು ನಿಮಿಷವಂತೆ. ಕಣ್ಣುಜ್ಜುವುದು, ಕಾಂಟ್ಯಾಕ್ಟ್ ಲೆನ್ಸ್, ಕೆಲವು ವೈರಸ್‌ಗಳ ಕಣ್ಣುಬೇನೆ ಇವೂ ಕಾರಣಗಳೇ, ವಿವರಿಸಲು ಸಮಯವಿಲ್ಲ. ಹೆರಿಗೆಯ ಒತ್ತಡದಿಂದ ನವಜಾತ ಶಿಶುವಿನ ಕಣ್ಣಿನಲ್ಲಿ ಕಾಣುವ ಕಲೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಪದೇ ಪದೇ ಆಗುತ್ತಿದ್ದರೆ, ವಸಡಿನಲ್ಲೂ ರಕ್ತ ಬರುತ್ತಿದ್ದರೆ ರಕ್ತ ಪರೀಕ್ಷೆ ಬೇಕು. ನೋವು, ಮಂಜು, ಬೆಳಕು ಸಹಿಸಲಾಗದಿರುವುದು, ಕಣ್ಣಿಗೋ ತಲೆಗೋ ಪೆಟ್ಟು ಬಿದ್ದ ಮೇಲೆ ಕೆಂಪಾಗುವುದು, ಇವುಗಳಲ್ಲಿ ಒಂದಿದ್ದರೂ ನಾಳೆಗೆ ಮುಂದೂಡದೆ ಅಂದೇ ಆಸ್ಪತ್ರೆಗೆ ಹೋಗಿ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.