ತಮಾಷೆಯ ಅಪ್ಪನ ಬಗ್ಗೆ ಗಂಭೀರವಾಗಿ ಮಾತಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ.

ಸಂತಾಪ ಸಭೆಗಳಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಬದುಕಿದ್ದಾಗ ಒಬ್ಬರ ಹಾಗೆ ಇನ್ನೊಬ್ಬರು ಇರದ ಜನ, ಸತ್ತ ಮೇಲೆ ಎಲ್ಲರೂ ಒಂದೇ ತರ ಆಗಿಬಿಡುತ್ತಾರೆ. ಸರಳರು, ಸಜ್ಜನರು, ಮಿತಭಾಷಿಗಳು, ಯಾರ ಮನಸ್ಸನ್ನೂ ನೋಯಿಸದವರು. ನಮ್ಮ ಅಪ್ಪ ತೀರಿಕೊಂಡಾಗ ಅವರ ಜೊತೆ ಕೆಲಸ ಮಾಡಿದ್ದ ಒಬ್ಬರು ಮೈಕ್ ಹಿಡಿದು ಈ ನಾಲ್ಕೂ ಮಾತು ಹೇಳಿದರು. "ಮಿತಭಾಷಿ" ಎಂದಾಗ ಅಮ್ಮ ತಿರುಗಿ ನನ್ನ ಮುಖ ನೋಡಿದರು. ನಾವು ತಪ್ಪಿ ಬೇರೆ ಯಾರದೋ ಸಭೆಗೆ ಬಂದು ಕೂತಿದ್ದೇವೇನೋ ಅನ್ನುವ ಹಾಗಿತ್ತು ಆ ನೋಟ.

ಅಪ್ಪ ಮಿತಭಾಷಿ ಆಗಿರಲಿಲ್ಲ. ಸರಳವಂತೂ ಅಲ್ಲವೇ ಅಲ್ಲ. ಅವರನ್ನು ತಿಕ್ಕಲು ಅಂತ ಕೆಲವರು ಬೆನ್ನ ಹಿಂದೆ ಅನ್ನುತ್ತಿದ್ದರು, ಕೆಲವರು ಎದುರಿಗೇ. ಎದುರಿಗೆ ಅಂದವರನ್ನು ಕಂಡರೆ ಅಪ್ಪನಿಗೆ ಪ್ರೀತಿ ಜಾಸ್ತಿ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮನೆಯಲ್ಲಿ ಬಲ್ಬುಗಳಿಗೆ ಒಂದು ರಿಜಿಸ್ಟರ್ ಇತ್ತು. ಉದ್ದನೆಯ, ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕ. ಸ್ಕೇಲಿಟ್ಟು ಗೆರೆ ಎಳೆದು ನಾಲ್ಕು ಕಲಂ ಮಾಡಿದ್ದರು: ಸ್ಥಳ, ಸೇರಿದ ದಿನ, ನಿವೃತ್ತಿ, ನಡತೆ. ಹೊಸ ಬಲ್ಬು ಹಾಕುವ ಮುಂಚೆ ಅದರ ತಗಡಿನ ಬುಡದ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯುತ್ತಿದ್ದರು. ಅದು ಸುಟ್ಟುಹೋದ ದಿನ ಪುಸ್ತಕ ತೆಗೆದು, ಕನ್ನಡಕ ಒರೆಸಿಕೊಂಡು, ನಡತೆಯ ಕಲಂ ತುಂಬುತ್ತಿದ್ದರು. ಬಚ್ಚಲಿನ ಬಲ್ಬಿಗೆ "ಕಷ್ಟದ ಪೋಸ್ಟಿಂಗ್. ದೂರಿಲ್ಲದೆ ದುಡಿದರು." ಹಜಾರದ ಟ್ಯೂಬ್‌ಲೈಟಿಗೆ "ಮೊದಲ ದಿನದಿಂದಲೂ ಎರಡು ಮನಸ್ಸು." ಮೆಟ್ಟಿಲ ಹತ್ತಿರದ ಬಲ್ಬಿಗೆ "ಸೇರಿದ ವಾರದಲ್ಲೇ ಪರಾರಿ. ಗ್ರಾಚ್ಯುಟಿ ಇಲ್ಲ."

ಇಂಥ ಮನುಷ್ಯನನ್ನು ಸರಳ ಸಜ್ಜನ ಅಂದುಬಿಟ್ಟರೆ ಉಳಿಯೋದೇನು? ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಇಂಥ ಅಪ್ಪ ಹೋದಾಗ ಅವರನ್ನು ತಿದ್ದಿ ತೀಡಬೇಡಿ. ಸೊಟ್ಟಗಿದ್ದವರನ್ನು ಸೊಟ್ಟಗೇ ಇಟ್ಟುಕೊಳ್ಳಿ. ಕೇಳೋಕೆ ಸುಲಭ. ಮಾಡಲು ಹೋದರೆ ಹೆಜ್ಜೆಹೆಜ್ಜೆಗೂ ತೊಡಕು.

ಮೊದಲನೇ ತೊಡಕು ನಗು. ಸತ್ತ ಮನೆಯಲ್ಲಿ ನಗು ಬಂದರೆ ನಾವು ಮುಖ ಮುಚ್ಚಿಕೊಂಡು ಒಳಗೆ ಓಡುತ್ತೇವೆ. ಅಪ್ಪ ಹೋಗಿ ವಾರವೂ ಆಗಿಲ್ಲ, ಇವಳಿಗೆ ನಗು ಬೇರೆ! ಆದರೆ ಇದನ್ನು ಕೂತು ನೋಡಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನ್ಯಾನೊ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಸುಮಾರು ಆರು ತಿಂಗಳಾದವರನ್ನು ಕೂರಿಸಿ, ಹೋದವರ ಬಗ್ಗೆ ಮಾತಾಡಿಸಿದರು. ಆಮೇಲೆ ವಿಡಿಯೊ ನೋಡಿ ಮುಖದ ಒಂದೊಂದು ಸ್ನಾಯುವಿನ ಚಲನೆಯನ್ನೂ ಗುರುತು ಹಾಕಿಕೊಂಡರು. ಬಾಯಿ ಮಾತ್ರ ನಗುವುದು ಒಂದು ಬಗೆ. ಕಣ್ಣಿನ ಸುತ್ತಲ ಸ್ನಾಯುವೂ ಬಿಗಿದುಕೊಂಡು ಕಣ್ಣಂಚಿನಲ್ಲಿ ಗೆರೆ ಮೂಡಿಸುವ ನಗು ಇನ್ನೊಂದು. ಇದಕ್ಕೆ ಡುಶೆನ್ ನಗು ಎನ್ನುತ್ತಾರೆ. ಅದನ್ನು ವಿವರಿಸಿದ 19ನೇ ಶತಮಾನದ ಫ್ರೆಂಚ್ ವೈದ್ಯನ ಹೆಸರು ಅದು. ಸತ್ತವರ ಬಗ್ಗೆ ಮಾತಾಡುತ್ತಾ ಹೀಗೆ ಕಣ್ತುಂಬ ನಕ್ಕವರಲ್ಲಿ ಸಿಟ್ಟು, ಸಂಕಟ ಕಡಿಮೆ ಇತ್ತು. ಬೇರೆಯವರ ಜೊತೆ ಅವರ ಸಂಬಂಧವೂ ಚೆನ್ನಾಗಿತ್ತು.

ಇದನ್ನು ಎಳೆದು ಉದ್ದ ಮಾಡಬಾರದು. ನಕ್ಕುಬಿಡಿ, ದುಃಖ ಮಾಯ ಅಂತ ಅರ್ಥವಲ್ಲ. ಎರಡೂ ಒಟ್ಟಿಗೆ ಕಂಡವು, ಅಷ್ಟೇ. ಅದೂ ಸಂಗಾತಿಯನ್ನು ಕಳೆದುಕೊಂಡವರ ವಿಷಯ, ಅಪ್ಪಂದಿರದ್ದಲ್ಲ. ಆದರೂ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಬೇಕಾಗಿಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಹಿಂದಿನವರು ನಮಗಿಂತ ಧೈರ್ಯವಂತರು ಅನ್ನಿಸುತ್ತದೆ. ರೋಮನ್ ಚಕ್ರವರ್ತಿ ವೆಸ್ಪಾಸಿಯನ್ ಕ್ರಿ.ಶ. 79ರಲ್ಲಿ ಸತ್ತ. ಕೈ ಬಿಗಿ, ಬಾಯಿ ಮಾತ್ರ ಬಹಳ ಚುರುಕು. ಸಾರ್ವಜನಿಕ ಶೌಚಾಲಯಗಳ ಮೂತ್ರದ ಮೇಲೆ ತೆರಿಗೆ ಹಾಕಿದ್ದ. ಆಗ ಮೂತ್ರ ಬೇಡಿಕೆಯ ಸರಕು, ಬಟ್ಟೆ ಒಗೆಯುವವರು ಕೊಳ್ಳುತ್ತಿದ್ದರು. ಮಗ ಟೈಟಸ್‌ಗೆ ನಾಚಿಕೆಯಾಗಿ ಅಪ್ಪನನ್ನು ಆಕ್ಷೇಪಿಸಿದ. ಅಪ್ಪ ಆ ತೆರಿಗೆಯಿಂದ ಬಂದ ಮೊದಲ ನಾಣ್ಯವನ್ನು ಮಗನ ಮೂಗಿಗೆ ಹಿಡಿದು, ವಾಸನೆ ಬರುತ್ತಾ ಎಂದು ಕೇಳಿದ. ಇಲ್ಲ ಅಂದ ಮಗ. ಆದರೂ ಇದು ಅದರಿಂದಲೇ ಬಂದದ್ದು ನೋಡು, ಅಂದ ಅಪ್ಪ. ಇಂಥ ಅಪ್ಪನ ಮಕ್ಕಳಿಗೆ ಟೈಟಸ್‌ನ ಮುಖ ಆಗ ಹೇಗಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಚಕ್ರವರ್ತಿಯ ಶವಯಾತ್ರೆಯಲ್ಲಿ ಏನಾಯಿತು ಅಂತ ರೋಮನ್ ಚರಿತ್ರೆಕಾರ ಸ್ವೀಟೋನಿಯಸ್ ಬರೆದಿಟ್ಟಿದ್ದಾನೆ. ಸತ್ತವರ ಮುಖವಾಡ ತೊಟ್ಟು, ಅವರ ನಡೆ ನುಡಿಯನ್ನೆಲ್ಲ ಅನುಕರಿಸಿ ತೋರಿಸಲು ಆಗ ನಟರಿರುತ್ತಿದ್ದರು. ಫೇವರ್ ಎಂಬ ನಟ ವೆಸ್ಪಾಸಿಯನ್‌ನ ಮುಖವಾಡ ಹಾಕಿಕೊಂಡು, ಈ ಶವಸಂಸ್ಕಾರಕ್ಕೆ ಒಟ್ಟು ಖರ್ಚೆಷ್ಟು ಎಂದು ಅಧಿಕಾರಿಗಳನ್ನು ಎಲ್ಲರೆದುರು ಕೇಳಿದ. ಒಂದು ಕೋಟಿ ಸೆಸ್ಟರ್ಸ್ (ಆಗಿನ ರೋಮನ್ ನಾಣ್ಯ) ಅಂದರು. ಒಂದು ಲಕ್ಷ ನನ್ನ ಕೈಗೆ ಕೊಡಿ, ನನ್ನನ್ನು ಬೇಕಾದರೆ ಟೈಬರ್ ನದಿಗೆ ಎಸೆದುಬಿಡಿ ಎಂದು ಕೂಗಿದ ಫೇವರ್. ಹೆಣ ಮುಂದಿರುವಾಗಲೇ ಹೆಣದ ಜಿಪುಣತನದ ಅಣಕ! ಅಲ್ಲಿದ್ದವರು ಒಂದು ಕ್ಷಣವಾದರೂ ಇದು ಅವನೇ, ಅವನ ಮಾತೇ ಅಂದುಕೊಂಡಿರಬೇಕು. ಹೊಗಳಿಕೆಯ ಭಾಷಣದಲ್ಲಿ ಅದಾಗುವುದಿಲ್ಲ.

ಎರಡನೇ ತೊಡಕು ನೆನಪಿನದು. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ವಿಚಿತ್ರ ಕಥೆಯನ್ನು ಜನರಿಗೆ ಓದಲು ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ, ದಿನಗಳ ಮೇಲೆ, ಇನ್ನೂ ದೀರ್ಘಕಾಲದ ಮೇಲೆ ಮತ್ತೆ ಮತ್ತೆ ಹೇಳಿಸಿದ. ಪ್ರತಿ ಸಲವೂ ಕಥೆ ಚಿಕ್ಕದಾಯಿತು, ನುಣುಪಾಯಿತು. ಓದಿದವರಿಗೆ ಪರಿಚಯವಿಲ್ಲದ, ತಲೆಬುಡ ತಿಳಿಯದ ವಿವರಗಳು ಬಿದ್ದುಹೋದವು, ಇಲ್ಲವೇ ಗೊತ್ತಿರುವ ಯಾವುದೋ ಆಕಾರಕ್ಕೆ ತಿರುಗಿದವು.

ಇದನ್ನು ಓದಿದಾಗ ನನಗೆ ಹೆದರಿಕೆಯಾಯಿತು. ವಿಚಿತ್ರವಾದದ್ದೇ ಮೊದಲು ಕಳೆದುಹೋಗುವುದಾದರೆ, ಮೈಯೆಲ್ಲ ವಿಚಿತ್ರವಾಗಿದ್ದ ಮನುಷ್ಯನ ಗತಿಯೇನು? ಆಗಲೇ ನೆಂಟರ ಬಾಯಲ್ಲಿ ಅಪ್ಪನ ಕಥೆಗಳು ಐದಾರಕ್ಕೆ ಇಳಿದಿದ್ದವು. ಬಲ್ಬಿನ ಕಥೆಯೂ ಅದರಲ್ಲಿ ಒಂದು. ಹೇಳಿ ಹೇಳಿ, ಅಪ್ಪ ಪ್ರತಿ ಬಲ್ಬಿಗೂ ಒಂದು ಹೆಸರಿಟ್ಟಿದ್ದರು ಅಂತ ಆಗಿಬಿಟ್ಟಿತ್ತು. ಸುಳ್ಳು. ಅಪ್ಪ ಒಂದಕ್ಕೂ ಹೆಸರಿಟ್ಟಿರಲಿಲ್ಲ. ಸೇವಾ ದಾಖಲೆ ಬರೆಯುವುದಕ್ಕೂ ಹೆಸರಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಹೆಸರಿಡುವುದು ಮುದ್ದು. ಅಪ್ಪನಿಗೆ ಮುದ್ದು ಆಗುತ್ತಿರಲಿಲ್ಲ.

ಆದ್ದರಿಂದ ಬೇಗ ಬರೆದಿಡಿ. ಕಥೆಯನ್ನಲ್ಲ, ಚೂರುಪಾರನ್ನು. ಕಥೆ ಹೇಗೂ ಉಳಿಯುತ್ತದೆ. ಪೆನ್ನನ್ನು ಯಾವ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದರು, ಕೋಪ ಬಂದಾಗ ಯಾವ ಹಾಡಿನ ರಾಗ ಗುನುಗುತ್ತಿದ್ದರು, ಬೀಗ ಹಾಕಿದ ಮೇಲೆ ಎಳೆದು ನೋಡುವಾಗ ಬೀಗಕ್ಕೆ ಏನು ಹೇಳುತ್ತಿದ್ದರು. ಇವು ಯಾರ ಭಾಷಣದಲ್ಲೂ ಬರುವುದಿಲ್ಲ. ಎರಡು ವರ್ಷ ಬಿಟ್ಟರೆ ನಿಮಗೂ ಬರುವುದಿಲ್ಲ.

ಹಾಗೇ, ಒಬ್ಬರಿಂದಲೇ ಕೇಳಬೇಡಿ. ಬಲ್ಬಿನ ಕಥೆಯನ್ನು ನಾನು ಎಲ್ಲ ಕಡೆ ನಗುತ್ತಾ ಹೇಳಿಕೊಂಡು ಬರುತ್ತಿದ್ದೆ. ಅಮ್ಮ ಒಂದು ದಿನ ಬೇಸರದಿಂದ, "ಸ್ಟೂಲು ಹಿಡ್ಕೊಂಡು ನಿಂತವಳು ನಾನು ಕಣೇ" ಅಂದರು. ಅಪ್ಪ ಸ್ಟೂಲಿನ ಮೇಲೆ ನಿಂತು ತಾರೀಖು ಬರೆದು, ಅಕ್ಷರ ಸೊಟ್ಟಗಾಯಿತು ಅಂತ ಒರೆಸಿ ಮತ್ತೆ ಬರೆಯುವವರೆಗೆ, ಕತ್ತಲಲ್ಲಿ, ಕೈಯಲ್ಲಿ ಟಾರ್ಚ್ ಬೇರೆ. ಮನೆಯಲ್ಲಿ ಒಬ್ಬರು ವಿನೋದಿಯಾಗಿರಬೇಕಾದರೆ ಇನ್ನೊಬ್ಬರು ಕರೆಂಟ್ ಬಿಲ್ಲಿನ ಕಡೆಯ ದಿನ ನೆನಪಿಟ್ಟುಕೊಂಡಿರಬೇಕು. ತಮಾಷೆಯ ಅಪ್ಪಂದಿರನ್ನು ಹೊಗಳುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಹಾಕುವುದಿಲ್ಲ.

ಮಕ್ಕಳಿಗೂ ಅದರ ಬಿಸಿ ತಟ್ಟುತ್ತದೆ. ನನ್ನ ಶಾಲೆಯಲ್ಲಿ ಟೀಚರ್ ಒಮ್ಮೆ ಅಪ್ಪನನ್ನು ಕರೆಸಿ, ನಿಮ್ಮ ಮಗಳು ಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆ ಅಂದರು. ಅಪ್ಪ ಎಷ್ಟು ಹಿಂದೆ ಅಂತ ನೋಡಿಕೊಂಡು ಬರುತ್ತೇನೆ ಅಂದು ಕೊನೆಯ ಬೆಂಚಿನಲ್ಲಿ ಕೂತರು. ಇಡೀ ಪೀರಿಯಡ್. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಪ್ರಶ್ನೆ ಕೇಳಿದಾಗ ಕೈ ಎತ್ತಿ ಎದ್ದು ನಿಂತು ತಪ್ಪು ಉತ್ತರ ಹೇಳಿದರು. ಕ್ಲಾಸೆಲ್ಲ ನಕ್ಕಿತು. ನಾನು ಮೇಜಿನೊಳಗೆ ತಲೆ ಇಟ್ಟುಕೊಂಡಿದ್ದೆ. ಇವತ್ತು ಈ ಕಥೆ ಹೇಳಿದರೆ ಎಂಥ ಅಪ್ಪ ಕಣ್ರೀ ಅನ್ನುತ್ತಾರೆ. ಹೌದು. ಆದರೆ ಅವತ್ತಿನ ಆ ಮೇಜಿನ ಮರದ ವಾಸನೆಯೂ ನನಗೆ ನೆನಪಿದೆ.

ಇನ್ನು ಮೂರನೆಯದು. ಇದನ್ನು ಹೇಳೋದೋ ಬೇಡವೋ ಅಂದುಕೊಳ್ಳುತ್ತಿದ್ದೆ. ತಮಾಷೆ ಮಾಡುವ ಅಪ್ಪನ ಹತ್ತಿರ ನೇರವಾದ ಉತ್ತರ ಸಿಗುವುದಿಲ್ಲ. ಡಾಕ್ಟರ್ ಏನಂದರು ಅಪ್ಪ ಎಂದರೆ, "ಪಾಪ, ಅವರಿಗೇ ಬಿಪಿ ಇದೆಯಂತೆ" ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ಕಾಯಿಲೆ ಯಾವ ಮಟ್ಟಕ್ಕೆ ಹೋಗಿದೆ ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಕೇಳಬೇಕಾದ್ದನ್ನು ಕೇಳುವ ಹೊತ್ತು ಮೀರಿತ್ತು. ನಗಿಸುವುದು ಅವರಿಗೆ ಬಾಗಿಲ ಚಿಲಕವೂ ಆಗಿತ್ತು.

ನನಗೆ ಇದರ ಬಗ್ಗೆ ಸಿಟ್ಟಿದೆ ಅಂದರೆ ಸ್ನೇಹಿತೆಯೊಬ್ಬಳು, ಅದು ದುಃಖದ ಐದು ಹಂತಗಳಲ್ಲಿ ಒಂದು, ದಾಟಿ ಹೋಗುತ್ತೆ ಬಿಡು ಅಂದಳು. ಆ ಐದು ಹಂತಗಳನ್ನು ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಅವರನ್ನು ಕಳೆದುಕೊಂಡವರ ಮೇಲೆ ಅದನ್ನು ಹೊರಿಸಿದ್ದು ಆಮೇಲೆ. ಹಂತ ಅಂದರೆ ಹತ್ತಿ ದಾಟುವಂಥದ್ದು. ನನ್ನ ಸಿಟ್ಟು ಹಂತವಲ್ಲ, ಅಭಿಪ್ರಾಯ.

ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು 1917ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಬರೆದಿದ್ದರು. ಬಹಳ ಕಾಲ ಅದೇ ಮಾತು ನಡೆಯಿತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲ್ಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ಮೂವರು ಸಂಶೋಧಕರು ಸೇರಿ ಇದನ್ನು ಪ್ರಶ್ನಿಸಿದರು. ನಂಟು ಕಡಿಯಬೇಕಾಗಿಲ್ಲ, ರೂಪ ಬದಲಿಸಿಕೊಂಡು ಮುಂದುವರಿಯಬಹುದು, ಅದು ಕಾಯಿಲೆಯ ಲಕ್ಷಣವಲ್ಲ ಅಂದರು. ನನಗೆ ಇದು ಒಪ್ಪಿಗೆ. ನಂಟು ಮುಂದುವರಿಯುವುದಾದರೆ ಜಗಳವೂ ಮುಂದುವರಿಯಲಿ ಅಲ್ವಾ? ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡ ದಿನ ಅವರು ನನಗೆ ಹೆಚ್ಚು ಹತ್ತಿರ ಇರುತ್ತಾರೆ.

ಕೊನೆಗೆ ಇಬ್ಬರು ಹೊರಗಿನವರ ವಿಷಯ ಹೇಳಿ ಮುಗಿಸುತ್ತೇನೆ.

ನಮ್ಮ ಮನೆಗೆ ರಾಂಗ್ ನಂಬರ್ ಫೋನ್ ಬಂದರೆ ಅಪ್ಪ ರಾಂಗ್ ನಂಬರ್ ಅನ್ನುತ್ತಿರಲಿಲ್ಲ. "ಅವರು ಸ್ನಾನಕ್ಕೆ ಹೋಗಿದ್ದಾರೆ, ಏನು ಹೇಳಲಿ?" ಅಂದು ಸಂದೇಶ ಬರೆದುಕೊಳ್ಳುತ್ತಿದ್ದರು. ಆಮೇಲೆ ಸರಿಯಾದ ನಂಬರ್ ಕೇಳಿ ತಿಳಿದುಕೊಂಡು, ಅಲ್ಲಿಗೆ ಫೋನ್ ಮಾಡಿ ಅದನ್ನು ಓದಿ ಹೇಳುತ್ತಿದ್ದರು. ಹೀಗೆ ಪರಿಚಯವಾದ ಹಿರಿಯರೊಬ್ಬರು ಆಗಾಗ ಸುಮ್ನೆ ಮಾತಾಡಲೆಂದೇ ಫೋನ್ ಮಾಡುವುದು ರೂಢಿಯಾಯಿತು. ಇಬ್ಬರೂ ಮುಖ ನೋಡಿದವರಲ್ಲ. ಅಪ್ಪ ಹೋದ ಮೇಲೆ ಅವರ ಫೋನ್ ಬಂತು, ನಾನು ಎತ್ತಿಕೊಂಡೆ. ಅಪ್ಪ ಹೋಗಿಬಿಟ್ಟರು ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು: "ಸ್ನಾನಕ್ಕೆ ಅಲ್ಲ ತಾನೇ ತಾಯಿ?" ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಇನ್ನೊಬ್ಬರು ಅಪ್ಪನನ್ನು ಕಂಡರೆ ಆಗದ ನೆರೆಮನೆಯವರು. ನೆನಪುಗಳನ್ನು ಕೂಡಿಹಾಕಲು ಹೊರಟರೆ ಇಂಥವರ ಮನೆಗೂ ಹೋಗಲೇಬೇಕು. ಅವರ ನಾಯಿ ರಾತ್ರಿಯೆಲ್ಲ ಬೊಗಳುತ್ತಿತ್ತು. ಅಪ್ಪ ಅವರಿಗೆ ದೂರು ಕೊಡುವ ಬದಲು ನಾಯಿಗೆ ಕಾಗದ ಬರೆದು ಅವರ ಗೇಟಿಗೆ ಸಿಕ್ಕಿಸಿ ಬಂದಿದ್ದರಂತೆ. ನಮಗೆ ಇದು ಗೊತ್ತೇ ಇರಲಿಲ್ಲ. ಅವರಿಗೆ ಅವಮಾನವಾಗಿ, ವರ್ಷಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟಿದ್ದರು. ನಾನು ಹೋದಾಗಲೂ ಮುಖ ಗಂಟಿಕ್ಕಿಕೊಂಡೇ ಬಾಗಿಲು ತೆಗೆದರು. ಒಳಗಿನಿಂದ ಒಂದು ಫೈಲು ತಂದರು. ಮನೆ ಪತ್ರ, ತೆರಿಗೆ ರಸೀದಿಗಳ ನಡುವೆ, ಪ್ಲಾಸ್ಟಿಕ್ ಕವರಿನೊಳಗೆ ಅಪ್ಪನ ಅಕ್ಷರ:

"ಮಾನ್ಯರೇ, ನಿನ್ನೆ ರಾತ್ರಿ ಎರಡು ಗಂಟೆಗೆ ತಾವು ಎತ್ತಿದ ಪ್ರಶ್ನೆಗೆ ತಕ್ಷಣಕ್ಕೆ ನನ್ನಲ್ಲಿ ಉತ್ತರವಿಲ್ಲ. ಬೆಳಗ್ಗೆ ಹತ್ತರ ಮೇಲೆ ಬಂದು ವಿಚಾರಿಸಬೇಕಾಗಿ ಕೋರುತ್ತೇನೆ."

ಇದನ್ನು ನನಗೆ ಕೊಡುತ್ತೀರಾ ಸಾರ್ ಎಂದು ಕೇಳಿದೆ.

"ಒರಿಜಿನಲ್ ಕೊಡಲ್ಲಮ್ಮ" ಅಂದರು. "ಬೇಕಾದ್ರೆ ಜೆರಾಕ್ಸ್ ಮಾಡಿಸ್ಕೊಂಡು, ಸಂಜೆಯೊಳಗೆ ವಾಪಸ್ ತಂದುಕೊಡು."