ಹೆಂಚಿನ ಹಿಂಬದಿ

ಫಾದರ್, ಅಧ್ಯಾಪಕ ಮಿತ್ರರೇ, ಉದ್ಯಮಶೀಲತೆಯನ್ನೇ ಪದವಿಯ ವಿಷಯವಾಗಿ ಆರಿಸಿಕೊಂಡು ಬಂದಿರುವ ಬಿಬಿಎ ಮೊದಲ ವರ್ಷದ ವಿದ್ಯಾರ್ಥಿಗಳೇ,

ಈ ಮೇಜಿನ ಮೇಲಿರುವುದು ನಮ್ಮ ಹಳೆಯ ಮನೆಯ ಮಾಡಿನಿಂದ ಇಳಿಸಿದ ಹೆಂಚು. ನಾನು ಮಾತು ಮುಗಿಸುವುದರೊಳಗೆ ಇದು ಕೊನೆಯ ಬೆಂಚಿನವರೆಗೂ ಹೋಗಿ ಬರಲಿ. ಎರಡೂ ಕೈಯಲ್ಲಿ ಹಿಡಿಯಿರಿ, ಕಾಲ ಮೇಲೆ ಬಿದ್ದರೆ ನಾಳೆಯ ತರಗತಿ ತಪ್ಪುತ್ತದೆ. ಮಗುಚಿ ನೋಡಿ. ಹಿಂಬದಿಯಲ್ಲಿ ಉಬ್ಬಕ್ಷರದಲ್ಲಿ ಬಾಸೆಲ್ ಮಿಷನ್ ಎಂದಿದೆ, ಜೊತೆಗೆ 1865 ಎಂಬ ಅಂಕಿ ಇದೆ. ಮನೆಗೆ ಬಂದ ನೆಂಟರೆಲ್ಲ ಅದನ್ನು ಓದಿ, ಅಬ್ಬಾ ಎಷ್ಟು ಹಳೆಯ ಮನೆ ಎನ್ನುತ್ತಿದ್ದರು. ನಮ್ಮ ಅಜ್ಜ ಆ ಮನೆ ಕಟ್ಟಿಸಿದ್ದು ಇಪ್ಪತ್ತನೆಯ ಶತಮಾನ ಬಂದ ಮೇಲೆ. 1865 ಎಂಬುದು ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷಗಳ ನಂತರ ಒತ್ತಿದ ಹೆಂಚಿನ ಮೇಲೂ ಅದೇ ಅಂಕಿಯನ್ನು ಮೂಡಿಸುತ್ತಿದ್ದರು. ನಿಮ್ಮ ಮಾರ್ಕೆಟಿಂಗ್ ಅಧ್ಯಾಪಕರು ಇದಕ್ಕೆ ಬ್ರ್ಯಾಂಡ್ ಎನ್ನುತ್ತಾರೆ. ನಮ್ಮ ಅಜ್ಜಿ ಅದನ್ನೇ ಜಂಬ ಎನ್ನುತ್ತಿದ್ದರು.

ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಉದ್ಯಮಶೀಲತೆ ಓದುವುದಕ್ಕೂ ಬೇರೆ ಕಡೆ ಓದುವುದಕ್ಕೂ ಏನು ವ್ಯತ್ಯಾಸ ಎಂದು ಇಲ್ಲಿಗೆ ಬರುವ ಮೊದಲು ನಿಮ್ಮಲ್ಲೊಬ್ಬರು ಫೋನಿನಲ್ಲಿ ಕೇಳಿದ್ದರು. ಅಢಾವೆ ಪತ್ರಿಕೆ ಎಲ್ಲ ಕಡೆಯೂ ಒಂದೇ. ಜಿಎಸ್‌ಟಿ ಯಾವ ಧರ್ಮವನ್ನೂ ಕೇಳುವುದಿಲ್ಲ. ಬೆಳಗಿನ ಪ್ರಾರ್ಥನೆಗೆ ನಿಲ್ಲುವ ನಿಮ್ಮಲ್ಲಿಯೂ ಹಿಂದೂಗಳು, ಮುಸ್ಲಿಮರು, ಜೈನರು ಎಲ್ಲರೂ ಇದ್ದೀರಿ. ಮೂವತ್ತು ವರ್ಷ ಇಂಥದೇ ಕಾಲೇಜಿನಲ್ಲಿ ವಾಣಿಜ್ಯ ಕಲಿಸಿದವನಾಗಿ ನನಗೆ ತೋರುವ ವ್ಯತ್ಯಾಸ ಒಂದೇ. ನಮ್ಮೂರಿನ ಮಟ್ಟಿಗೆ ಉದ್ಯಮದ ಅತ್ಯುತ್ತಮ ಪಾಠವೂ ಅತ್ಯಂತ ಇರಿಸುಮುರಿಸಿನ ಪಾಠವೂ ಕ್ರೈಸ್ತ ಮಿಷನ್ನಿನದೇ. ಅದನ್ನು ನೀವಲ್ಲದೆ ಇನ್ನಾರು ಓದಬೇಕು?

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಈ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ವ್ಯಾಪಾರಕ್ಕೆ ಬಂದವರಲ್ಲ, ಮತಪ್ರಚಾರಕ್ಕೆ ಬಂದವರು. ಆದರೆ ಕ್ರೈಸ್ತರಾದವರ ಹೊಟ್ಟೆಪಾಡು ಬಹುಬೇಗ ಅವರ ತಲೆಯ ಮೇಲೆ ಬಂತು. ಮತ ಬದಲಿಸಿದವನಿಗೆ ಜಾತಿಯವರ ಆಸರೆ ತಪ್ಪುತ್ತಿತ್ತು, ಗೇಣಿಗೆ ಸಿಕ್ಕ ಜಮೀನು ಕೈಬಿಡುತ್ತಿತ್ತು. ಇದರಲ್ಲಿ ಮಿಷನ್ನಿನ ಪಾಲೂ ಇತ್ತು. ಹೀಗೆ ಬಂದವರಲ್ಲಿ ಬಹಳ ಮಂದಿ ಬಿಲ್ಲವರು. ಮೂರ್ತೆ, ಅಂದರೆ ಮರ ಹತ್ತಿ ಶೇಂದಿ ಇಳಿಸುವ ಕೆಲಸ, ಅವರ ಪಾರಂಪರಿಕ ಕಸುಬು. ಶೇಂದಿ ಇಳಿಸುವುದು ಕ್ರೈಸ್ತನಿಗೆ ತಕ್ಕುದಲ್ಲ ಎಂದದ್ದು ಮಿಷನ್ನೇ. ಮರದಿಂದ ಇಳಿಸಿದವರೇ ಅನ್ನದ ದಾರಿಯನ್ನೂ ತೋರಿಸಬೇಕಾಯಿತು. ಅವರ ಉದ್ಯಮ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಮಾರುಕಟ್ಟೆಯಲ್ಲಿ ಏನು ಕೊರತೆ ಇದೆ ಎಂದು ಹುಡುಕಿಕೊಂಡು ಹೊರಟವರಲ್ಲ ಅವರು, ಇಷ್ಟು ಜನರ ಕೈಗೆ ಏನು ಕೆಲಸ ಕೊಡುವುದು ಎಂದು ಹುಡುಕಿದವರು. ನಿಮ್ಮ ಪಠ್ಯಕ್ರಮ ಹೇಳುವ ಕ್ರಮಕ್ಕೆ ಇದು ತಲೆಕೆಳಗು.

ಬೇಸಾಯ ಮಾಡಿಸಿ ನೋಡಿದರು, ಹತ್ತಲಿಲ್ಲ. 1841ರಲ್ಲಿ ಮುದ್ರಣಾಲಯ ಬಂತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರದ ಕಥೆ ನಿಮಗೆ ಗೊತ್ತೇ ಇದೆ. ಆಮೇಲೆ ನೇಯ್ಗೆ. 1851ರಲ್ಲಿ ಬಂದ ಜಾನ್ ಹಾಲರ್ ಮಗ್ಗಗಳನ್ನು ಸುಧಾರಿಸಿದ, ಬಣ್ಣಗಳೊಂದಿಗೆ ಪ್ರಯೋಗ ಮಾಡಿದ. ಪೊಲೀಸರ ಖಾಕಿ ಹುಟ್ಟಿದ್ದೇ ಮಂಗಳೂರಿನ ಬಲ್ಮಠದಲ್ಲಿ ಎಂದು ನಮ್ಮವರು ಎದೆಯುಬ್ಬಿಸಿ ಹೇಳುವುದುಂಟು. ಸ್ವಲ್ಪ ತಾಳಿ. ವಾಯವ್ಯ ಗಡಿಯಲ್ಲಿ ಬ್ರಿಟಿಷರು ಕಟ್ಟಿದ ಗೈಡ್ಸ್ ಎಂಬ ಸೇನಾಪಡೆ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು. ಉದ್ಯಮಿಗಳ ಮೂಲಕಥೆಗಳನ್ನು ಓದುವಾಗ ಈ ಎಚ್ಚರ ಇರಲಿ. ಗ್ಯಾರೇಜಿನಲ್ಲಿ ಹುಟ್ಟಿತು ಎಂಬ ಕಂಪನಿಗಳ ಕಥೆಗಳಿಗೂ ಇದು ಅನ್ವಯಿಸುತ್ತದೆ.

ಹೆಂಚಿಗೆ ಬರುತ್ತೇನೆ. ಇಲ್ಲಿನ ಮನೆಗಳಿಗೆ ಆಗ ಮುಳಿಹುಲ್ಲಿನ ಮಾಡು, ಉಳ್ಳವರಿಗೆ ಕುಂಬಾರರು ಮಾಡಿದ ಅರ್ಧಗೊಳವೆಯ ನಾಡಹೆಂಚು. ಹುಲ್ಲನ್ನು ಆಗಾಗ ಹೊಸದಾಗಿ ಹೊದಿಸಬೇಕು, ಒಂದು ಕಿಡಿ ಬಿದ್ದರೆ ಎಲ್ಲವೂ ಬೂದಿ. ನೇತ್ರಾವತಿಯ ದಂಡೆಯಲ್ಲಿ ಒಳ್ಳೆಯ ಜೇಡಿಮಣ್ಣಿತ್ತು. ಗೇಯೋರ್ಗ್ ಪ್ಲೆಬ್ಸ್ಟ್ ಎಂಬ ಮಿಷನರಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ. ಒಂದು ಹೆಂಚಿನ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುವ ಈ ಉಪಾಯ ಅವನು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಗಿಲಾರ್ದೋನಿ ಸಹೋದರರು 1841ರಲ್ಲೇ ಅಂಥ ಹೆಂಚಿಗೆ ಪೇಟೆಂಟ್ ಪಡೆದಿದ್ದರು, ಅವರ ಊರು ಬಾಸೆಲ್‌ಗೆ ಹತ್ತಿರ. ಪ್ಲೆಬ್ಸ್ಟನ ಜಾಣತನವೆಲ್ಲ ಅಲ್ಲಿಯದನ್ನು ಇಲ್ಲಿಯ ಮಣ್ಣಿಗೂ ಮಳೆಗೂ ಒಗ್ಗಿಸಿದ್ದರಲ್ಲಿದೆ. ಬೆರಳಿನಿಂದ ಈ ಕಾಲುವೆಯನ್ನು ಸವರಿ ನೋಡಿ. ಆಷಾಢದ ಮಳೆ ಇಲ್ಲಿ ಇಳಿದು, ಮುಂದಿನ ಹೆಂಚಿನ ಬೆನ್ನ ಮೇಲೆ ಹರಿಯುತ್ತದೆ. ಈ ಕೊಕ್ಕೆ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಮೊಳೆ ಬೇಡ, ಗಾರೆ ಬೇಡ. ಒಂದು ಒಡೆದರೆ ಮನೆಯವರೇ ಏಣಿ ಹತ್ತಿ ಬದಲಿಸಬಹುದು.

ಹಣದ ಏರ್ಪಾಡನ್ನೂ ನೋಡಿ. ವ್ಯಾಪಾರ ನೋಡಿಕೊಳ್ಳಲು 1859ರಲ್ಲಿ ಬಾಸೆಲ್‌ನಲ್ಲಿ ಪ್ರತ್ಯೇಕ ಷೇರು ಕಂಪನಿಯಾಯಿತು. ಷೇರುದಾರರ ಲಾಭಾಂಶಕ್ಕೆ ಮಿತಿ ಇತ್ತು, ಮಿಕ್ಕ ಲಾಭದಲ್ಲಿ ಮಿಷನ್ನಿನ ಕೆಲಸಕ್ಕೆ ಪಾಲು. ಇಂದು ಸಾಮಾಜಿಕ ಉದ್ಯಮ ಎಂಬ ಹೆಸರಿನಲ್ಲಿ ನಿಮಗೆ ಕಲಿಸುವ ವಿಷಯ ಇದೇ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಫಾದರ್ ಮುಗುಳ್ನಗುತ್ತಿದ್ದಾರೆ. ಇನ್ನು ಹೇಳುವುದನ್ನೂ ಅವರು ಮನ್ನಿಸಬೇಕು. ಕೂಲಿ ಕೊಡುವ ಧಣಿ ಮಿಷನ್, ಶಾಲೆಯ ಒಡೆಯ ಮಿಷನ್, ಭಾನುವಾರ ಉಪದೇಶ ಮಾಡುವವರೂ ಅವರೇ, ಎಷ್ಟೋ ಜನಕ್ಕೆ ವಾಸದ ಜಾಗ ಕೊಟ್ಟವರೂ ಅವರೇ. ಅಂಥ ಕಡೆ ಕೂಲಿ ಸಾಲದು ಎಂದು ಹೇಳುವುದು ಯಾರಿಗೆ? ಹೇಳಿದರೆ ಅದು ಬೇಡಿಕೆಯೋ ಕೃತಘ್ನತೆಯೋ? ಒಳ್ಳೆಯ ಮನಸ್ಸಿನ ಯಜಮಾನನ ಮುಂದೆ ಬಾಯಿ ತೆರೆಯುವುದು ಕೆಟ್ಟ ಯಜಮಾನನ ಮುಂದೆ ತೆರೆಯುವುದಕ್ಕಿಂತ ಕಷ್ಟ ಎಂದು ನನಗೆ ಅನೇಕ ಸಲ ಅನಿಸಿದೆ.

ಹಾಗಾಗಿ ಈ ಕಥೆಯಲ್ಲಿ ನನಗೆ ಪ್ರಿಯವಾದ ವರ್ಷ 1865 ಅಲ್ಲ, 1868. ಮೂರೇ ವರ್ಷದಲ್ಲಿ ಊರಿನ ಆಲ್ಬುಕರ್ಕ್ ಮನೆತನದ ಹೆಂಚಿನ ಕಾರ್ಖಾನೆ ಎದ್ದಿತು. ಆಮೇಲೆ ಒಂದರ ಹಿಂದೊಂದು, ಎಲ್ಲ ಜಾತಿ ಮತದವರದೂ. ನದಿಯುದ್ದಕ್ಕೂ ಹೊಗೆಗೊಳವೆಗಳು ನಿಂತವು. ಒಂದು ಕಡೆ ಸರಿಹೋಗದಿದ್ದರೆ ಇನ್ನೊಂದು ಕಡೆಗೆ ಹೋಗುವ ದಾರಿ ಕೆಲಸಗಾರನಿಗೆ ಸಿಕ್ಕಿತು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು, ಅವು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆದರೂ ಮಂಗಳೂರು ಹೆಂಚು ನಿಲ್ಲಲಿಲ್ಲ. ಅಷ್ಟರಲ್ಲಿ ವಿದ್ಯೆ ಕಾಂಪೌಂಡಿನ ಹೊರಗೆ ಬಂದಾಗಿತ್ತು.

ಹಳೆಯದನ್ನು ಬಿಟ್ಟು ನಿಮ್ಮ ವಿಷಯಕ್ಕೆ ಬರೋಣ. ಇತ್ತೀಚೆಗೆ ಒಂದು ಕಾಲೇಜಿನ ಬಿಸಿನೆಸ್ ಪ್ಲ್ಯಾನ್ ಸ್ಪರ್ಧೆಗೆ ನಾನು ತೀರ್ಪುಗಾರ. ಮೂವರು ಹುಡುಗಿಯರು ಹಲಸಿನ ಹಪ್ಪಳದ ಯೋಜನೆ ತಂದಿದ್ದರು. ಸ್ವಸಹಾಯ ಸಂಘದ ಹೆಂಗಸರು ಸೊಳೆ ಬೇಯಿಸಿ, ರುಬ್ಬಿ, ಒತ್ತಿ, ಒಣಗಿಸಿ ಕೊಡಬೇಕು. ನೂರು ಹಪ್ಪಳಕ್ಕೆ ಇಷ್ಟು ಎಂದು ದರ. ಪ್ಯಾಕೆಟ್ಟಿನ ಚಿತ್ರ ಸೊಗಸಾಗಿತ್ತು. ಲೆಕ್ಕದ ಹಾಳೆಯೂ ಅಚ್ಚುಕಟ್ಟು. ನಾನು ಒಂದೇ ಪ್ರಶ್ನೆ ಕೇಳಿದೆ: "ಹಪ್ಪಳ ಚಾಪೆಯ ಮೇಲೆ ಇರುವಾಗ ಮೇ ತಿಂಗಳ ಮಳೆ ಸುರಿದರೆ ಅದು ಯಾರ ಲೆಕ್ಕಕ್ಕೆ?"

ಮೂವರೂ ಪರದೆಯ ಕಡೆ ತಿರುಗಿದರು. ಆ ಸಾಲು ಅಲ್ಲಿ ಇರಲಿಲ್ಲ. ಒಣಗಿದ ಹಪ್ಪಳಕ್ಕೆ ಮಾತ್ರ ಹಣ ಎಂದಮೇಲೆ, ನೆನೆದದ್ದು ಆ ಹೆಂಗಸರ ನಷ್ಟ ಎಂದು ಬರೆಯದೆಯೇ ಬರೆದಂತಾಗಿತ್ತು. ಬೇಕೆಂದು ಮಾಡಿದ್ದಲ್ಲ. ಹಾಳೆಯ ನಮೂನೆಯಲ್ಲಿ ಆ ಜಾಗವೇ ಇಲ್ಲ.

ಲೂಕನ ಸುವಾರ್ತೆಯಲ್ಲಿ ಗೋಪುರ ಕಟ್ಟ ಹೊರಟವನ ಮಾತು ಬರುತ್ತದೆ; ಮೊದಲು ಕುಳಿತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳುತ್ತಾನೆ. ಪ್ರಾರ್ಥನಾಮಂದಿರದಲ್ಲಿ ಅದನ್ನು ಕೇಳಿದವರು ತರಗತಿಗೆ ಬಂದು ಕಾರ್ಯಸಾಧ್ಯತಾ ವರದಿ ಬರೆಯುತ್ತೀರಿ. ನಮ್ಮ ಆಯ್ದಕ್ಕಿ ಲಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಗಂಡ ಮಾರಯ್ಯ ಅಂದಿಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ತಂದಲ್ಲಿಗೇ ಸುರಿದು ಬಾ ಎಂದವಳು. ಖರ್ಚನ್ನು ಮಾತ್ರವಲ್ಲ, ಹೆಚ್ಚಾಗಿ ಬಂದದ್ದನ್ನೂ ಲೆಕ್ಕಕ್ಕೆ ಹಿಡಿದವಳು ಆಕೆ. ಇವಳನ್ನು ನಿಮ್ಮ ಬೋರ್ಡ್ ಸಭೆಗೆ ಕರೆಯುವ ಧೈರ್ಯ ನಿಮಗಿದೆಯೇ? ನನಗಂತೂ ಇಲ್ಲ, ನನ್ನ ನಿಶ್ಚಿತ ಠೇವಣಿಗಳನ್ನು ನೋಡಿದರೆ ಆಕೆ ಬಯ್ಯುತ್ತಾಳೆ.

ಆ ಹುಡುಗಿಯರು ಒಂದು ವಾರದ ಬಳಿಕ ಹಾಳೆ ತಿದ್ದಿಕೊಂಡು ನಮ್ಮ ಮನೆಗೆ ಬಂದರು. ಹಿಟ್ಟು ತೂಗಿದ ಕೂಡಲೇ ಅರ್ಧ ಕೂಲಿ, ಒಣಗಿದ ಮೇಲೆ ಉಳಿದರ್ಧ, ಮಳೆಯ ನಷ್ಟಕ್ಕೆ ಪ್ರತಿ ಪ್ಯಾಕೆಟ್ಟಿನಿಂದ ಒಂದು ರೂಪಾಯಿ ತೆಗೆದಿಡುವುದು. ಲಾಭ ತೆಳ್ಳಗಾಗಿತ್ತು. "ಸರ್, ಇಷ್ಟು ಕಡಿಮೆ ಲಾಭಕ್ಕೆ ಬ್ಯಾಂಕಿನವರು ಸಾಲ ಕೊಡುತ್ತಾರೆಯೇ?" ಎಂದು ಅವರಲ್ಲೊಬ್ಬಳು ಕೇಳಿದಳು. ಬ್ಯಾಂಕಿನಲ್ಲಿ ಕೇಳಿ ನೋಡೋಣ ಎಂದೆ. ಬರುವ ಸೋಮವಾರ ಮ್ಯಾನೇಜರನ್ನು ಕಾಣಲು ನಾಲ್ವರೂ ಹೋಗುತ್ತಿದ್ದೇವೆ.

ಹೆಂಚು ಎಲ್ಲಿಗೆ ಬಂತು? ಹಿಂದಿನ ಸಾಲಿನವರು ಇನ್ನೂ ಮಗುಚಿ ನೋಡಿಲ್ಲ.